ಪಕ್ಕದವರಿಗೆ ಕಾಣದ ಗಾಜು

ಹೇಳಿಕೆ ಕೊಡುತ್ತಿರುವವರು: ಲಗತ್ತಿಸಿದ ಗುರುತಿನ ಚೀಟಿಯವಳು, ಬಸ್ ನಿಲ್ದಾಣದ ಆಸುಪಾಸಿನವರೆಲ್ಲ ಗಾಜಕ್ಕ ಎಂದು ಕರೆಯುತ್ತಾರೆ. ವಯಸ್ಸು 46. ಕಸುಬು: ಮೊಬೈಲ್ ಫೋನ್‌ಗಳಿಗೆ ಸ್ಕ್ರೀನ್ ಗಾರ್ಡ್ ಹಾಕುವುದು, ಹದಿನಾಲ್ಕು ವರ್ಷದಿಂದ. ಅಂಗಡಿ: ಬಸ್ ನಿಲ್ದಾಣದ ಎದುರಿನ ಮೂರು ಮಹಡಿ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ, ಆರಡಿ ಉದ್ದ, ನಾಲ್ಕಡಿ ಅಗಲ. ವಾಸ: ಅದೇ ಕಟ್ಟಡದ ಹಿಂದಿನ ಓಣಿ, ಎರಡನೇ ಮನೆ, ತಾಯಿಯ ಜೊತೆ.

ಈ ದಿನ ಬೆಳಿಗ್ಗೆ 10.15ಕ್ಕೆ ಠಾಣೆಗೆ ಬಂದು, ಠಾಣೆಯ ಬರಹಗಾರರ ಮುಂದೆ ಕುಳಿತು, ನನ್ನ ಬಾಯಿಂದಲೇ ಹೇಳಿ ಬರೆಸುತ್ತಿರುವುದೇನೆಂದರೆ:

ನನ್ನನ್ನು ಕರೆಸಿರುವುದು ಫೋನ್ ಕದ್ದಿದ್ದೇನೆ ಎಂಬ ದೂರಿಗೆ. ನಾನು ಬಂದಿರುವುದು ನನ್ನ ಅಂಗಡಿ ಒಡೆದದ್ದಕ್ಕೆ. ಎರಡನ್ನೂ ಒಂದೇ ಹೇಳಿಕೆಯಲ್ಲಿ ಬರೆಯಬೇಕು ಎಂದು ಕೇಳಿದೆ. ಬರಹಗಾರರು ಮೊದಲು ಫೋನಿನ ವಿಷಯ ಮುಗಿಸೋಣ ಎಂದರು. ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವುದಿಲ್ಲ ಎಂದು ಹೇಳಿದ ಮೇಲೆ ಒಪ್ಪಿ ಬರೆದುಕೊಳ್ಳುತ್ತಿದ್ದಾರೆ.

ಈ ತಿಂಗಳ 3ನೇ ತಾರೀಖು ಮಂಗಳವಾರ ಬೆಳಿಗ್ಗೆ 10.20ಕ್ಕೆ ಸುಮಾರು ಮೂವತ್ತನಾಲ್ಕು ವಯಸ್ಸಿನ ಹೆಣ್ಣುಮಗಳೊಬ್ಬರು ಅಂಗಡಿಗೆ ಬಂದರು. ಶಾಲೆ ಯೂನಿಫಾರಂ ಹೊಲಿಯುವ ಕಾರ್ಖಾನೆಯವರು. ಅಳತೆ ಟೇಪು ಕೊರಳಲ್ಲೇ ಇತ್ತು, ತೆಗೆಯಲು ಮರೆತಿದ್ದರು. ಕರೆಂಟ್ ಹೋಗಿ ಮಷಿನ್‌ಗಳು ನಿಂತಿವೆ, ಅರ್ಧ ಗಂಟೆ ಬಿಡುವು ಸಿಕ್ಕಿದೆ ಎಂದರು. ಪಕ್ಕದಲ್ಲಿ ಕೂತವರಿಗೆ ಫೋನಿನಲ್ಲಿ ಏನಿದೆ ಎಂದು ಕಾಣಬಾರದು, ಅಂಥ ಗ್ಲಾಸ್ ಇದೆಯಂತಲ್ಲ, ಅದು ಬೇಕು ಎಂದು ಕೇಳಿದರು. ಯಾಕೆ ಎಂದು ನಾನು ಕೇಳಲಿಲ್ಲ. ಬೀಗ ಮಾರುವವರು ಪೆಟ್ಟಿಗೆಯೊಳಗೆ ಏನಿದೆ ಎಂದು ಕೇಳುವುದಿಲ್ಲ.

ಯಾವ ಗ್ಲಾಸೇ ಆಗಲಿ, ಹಾಕುವ ಮೊದಲು ಅದರ ಅನುಕೂಲ, ತೊಂದರೆ ಎರಡನ್ನೂ ಹೇಳುವುದು ನನ್ನ ರೂಢಿ. ಇಲ್ಲಿ ಬರಹಗಾರರು ಪೆನ್ನು ಕೆಳಗಿಟ್ಟು ಇದು ಕೇಸಿಗೆ ಬೇಕಿಲ್ಲ ಎಂದರು. ನಾನು ಗಿರಾಕಿಯ ತಲೆ ಕೆಡಿಸಿ ಗ್ಲಾಸ್ ಮಾರಿದೆ ಎಂದು ಎದುರು ದೂರಿನಲ್ಲಿ ಬರೆದಿದೆ, ಆದ್ದರಿಂದ ಇದು ಬೇಕೇ ಬೇಕು ಎಂದೆ. ಬರೆದುಕೊಂಡರು.

ಆ ದಿನ ನಾನು ಆಕೆಗೆ ನಾಲ್ಕು ಬಗೆಯ ಗ್ಲಾಸ್ ತೋರಿಸಿದೆ. ಮೊದಲನೆಯದು ಸಾದಾ ಟೆಂಪರ್ಡ್. ಫೋನ್ ಬಿದ್ದರೆ ಪೆಟ್ಟು ತಾನು ತಿಂದು ಪರದೆ ಉಳಿಸುತ್ತದೆ, ಆದರೆ ಮೂಲೆಯ ಮೇಲೆ ಬಿದ್ದರೆ ಯಾವ ಗ್ಲಾಸೂ ಭರವಸೆಯಲ್ಲ ಎಂದೆ. ಎರಡನೆಯದು ಮ್ಯಾಟ್. ಬಿಸಿಲಿನಲ್ಲಿ ಕಣ್ಣಿಗೆ ಹೊಡೆಯುವುದಿಲ್ಲ, ಬೆರಳಿನ ಜಿಡ್ಡು ಕೂರುವುದಿಲ್ಲ, ಆದರೆ ಸಣ್ಣ ಅಕ್ಷರಗಳು ಸಕ್ಕರೆ ಉದುರಿಸಿದ ಹಾಗೆ ಕಾಣುತ್ತವೆ ಎಂದೆ. ಮೂರನೆಯದು ನೀಲಿ ಬೆಳಕು ತಡೆಯುವುದು. ಕಣ್ಣಿಗೆ ತಂಪು ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಇರುತ್ತದೆ. ಹಾಗೆ ಹೇಳಿ ನಾನು ಮಾರುವುದಿಲ್ಲ. ಬಣ್ಣ ಸ್ವಲ್ಪ ಹಳದಿಗೆ ತಿರುಗುತ್ತದೆ, ಕಣ್ಣು ಉರಿದರೆ ಫೋನನ್ನೇ ಕೆಳಗಿಡುವುದು ಮೇಲು ಎಂದೆ.

ನಾಲ್ಕನೆಯದು ಆಕೆ ಕೇಳಿದ ಪ್ರೈವೆಸಿ ಗ್ಲಾಸ್. ನೇರ ನೋಡಿದವರಿಗೆ ಕಾಣುತ್ತದೆ, ಪಕ್ಕದವರಿಗೆ ಬರೀ ಕಪ್ಪು. ಇದರ ತೊಂದರೆಗಳನ್ನು ಬಾಯಿಬಿಟ್ಟು ಹೇಳಿದೆ. ಪರದೆ ಮಂಕಾಗುತ್ತದೆ. ಬೆಳಕು ಏರಿಸಬೇಕು, ಏರಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ಪರದೆಯ ಮೇಲೆ ಬೆರಳಿಟ್ಟು ತೆರೆಯುವ ಫೋನ್ ಆದ್ದರಿಂದ ಒಮ್ಮೊಮ್ಮೆ ನಿಮ್ಮ ಬೆರಳನ್ನೇ ನಿಮ್ಮದಲ್ಲ ಎನ್ನುತ್ತದೆ. ಇಬ್ಬರು ಕೂತು ಒಂದು ಫೋಟೋ ನೋಡಲು ಆಗುವುದಿಲ್ಲ. ಬೆನ್ನ ಹಿಂದೆ ನೇರವಾಗಿ ನಿಂತವರಿಗೆ ಕಂಡೇ ಕಾಣುತ್ತದೆ. ನನ್ನ ತಾಯಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಗೊತ್ತಿಲ್ಲದೆ ಅವರ ಫೋನಿಗೂ ಇದನ್ನೇ ಹಾಕಿದ್ದೆ. ಎರಡೇ ದಿನಕ್ಕೆ ಅವರು, ನಿನ್ನ ಗಾಜು ಹಾಕಿದ ಮೇಲೆ ನನ್ನ ಮಗಳ ಮುಖವೂ ಮಸಿ ಬಳಿದ ಹಾಗೆ ಕಾಣುತ್ತದೆ, ಮೊದಲು ಕಿತ್ತು ಹಾಕು ಎಂದರು. ಅದನ್ನೂ ಆಕೆಗೆ ಹೇಳಿದೆ. ಆಕೆ ನಕ್ಕರು. ಆಮೇಲೆ, ಬೆನ್ನು ಗೋಡೆಗೆ ಆನಿಸಿ ಕೂರುತ್ತೇನೆ, ಹಾಕಿಬಿಡಿ ಅಕ್ಕಾ ಎಂದರು. ಹಾಕಿದೆ. ಹನ್ನೊಂದು ನಿಮಿಷ ಹಿಡಿಯಿತು. ಒಂದು ಧೂಳಿನ ಕಣ ಒಳಗೆ ಸಿಕ್ಕಿಕೊಂಡಿತ್ತು, ಎತ್ತಿ ತೆಗೆದು ಮತ್ತೆ ಕೂರಿಸಿದೆ.

7ನೇ ತಾರೀಖು ಶನಿವಾರ ಬೆಳಿಗ್ಗೆ 8.50ಕ್ಕೆ ಆಕೆ ಮತ್ತೆ ಬಂದರು. ನಾನು ಹೇಳಿದ ಹಾಗೇ ಬೆರಳು ಹಿಡಿಯುತ್ತಿರಲಿಲ್ಲ. ಹಳೆಯ ಗುರುತು ಅಳಿಸಿ, ಗ್ಲಾಸಿನ ಮೇಲೆಯೇ ಹೊಸದಾಗಿ ಬೆರಳು ಒತ್ತಿಸಿ ಸರಿಮಾಡಿಕೊಟ್ಟೆ. ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ, ಬಸ್ಸಿನಲ್ಲಿ ಬಿಸಿಲು ಬಿದ್ದರೆ ಕೈಯಿಂದ ಮರೆ ಮಾಡಿಕೊಂಡು ಓದಬೇಕು ಎಂದರು. ಬೇಡವಾದರೆ ತೆಗೆದು ಸಾದಾ ಹಾಕುತ್ತೇನೆ ಎಂದೆ. ಬೇಡ ಎಂದರು. ಅವರ ಮಾತು ನನಗೆ ಚೆನ್ನಾಗಿ ನೆನಪಿರುವುದರಿಂದ ಹಾಗೆಯೇ ಬರೆಸುತ್ತಿದ್ದೇನೆ: "ನಾಲ್ಕು ದಿನ ಯಾರೂ ಏನೂ ಕೇಳದೆ ಓದಿದೀನಿ ಅಕ್ಕಾ. ಬ್ಯಾಟರಿ ಹೋದ್ರೆ ಹೋಗ್ಲಿ."

ಏನು ಓದುತ್ತೀರಿ ಎಂದು ನಾನು ಆಗಲೂ ಕೇಳಿರಲಿಲ್ಲ, ಅವರೇ ಫೋನನ್ನು ನನ್ನ ಕಡೆ ನೇರ ತಿರುಗಿಸಿ ತೋರಿಸಿದರು. ಲಿಫ್ಟಿನ ಬ್ರೇಕಿನ ಚಿತ್ರ. ಲಿಫ್ಟ್ ರಿಪೇರಿ ಕಲಿಸುವ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದಾರೆ, 13ನೇ ತಾರೀಖು ಬೆಳಿಗ್ಗೆ 9.30ಕ್ಕೆ ಆಯ್ಕೆ ಪರೀಕ್ಷೆ, ಕರೆಪತ್ರ ಫೋನಿನಲ್ಲೇ ಇದೆ ಎಂದರು. ಕಾರ್ಖಾನೆಯ ಹೊಲಿಗೆ ಮಷಿನ್‌ಗಳ ಮೋಟಾರು ಕೆಟ್ಟರೆ ಹೊರಗಿನಿಂದ ಮೆಕ್ಯಾನಿಕ್ ಬರುವುದರೊಳಗೆ ತಾನೇ ಬಿಚ್ಚಿ ಜೋಡಿಸುತ್ತೇನೆ, ಆರು ವರ್ಷದಿಂದ ಹೀಗೇ ನಡೆದಿದೆ ಎಂದರು. ಮನೆಯಲ್ಲಿ ಹೇಳಿದಾಗ ಯಜಮಾನರು ನಕ್ಕುಬಿಟ್ಟರಂತೆ. ಮನೆಯಲ್ಲಿರುವುದು ಒಂದೇ ಕೋಣೆ, ಒಂದೇ ಸೋಫಾ. ಟಿವಿ ನೋಡುತ್ತ ಅವರು ಪಕ್ಕದಲ್ಲೇ ಕೂರುತ್ತಾರೆ. ಫೋನಿನಲ್ಲಿ ಬ್ರೇಕಿನ ಚಿತ್ರ ಕಂಡರೆ ಮತ್ತೆ ಗೇಲಿ ಶುರುವಾಗುತ್ತದೆ, ಗೇಲಿ ಶುರುವಾದರೆ ತಲೆಗೆ ಏನೂ ಹತ್ತುವುದಿಲ್ಲ, ಅದಕ್ಕೇ ಈ ಗ್ಲಾಸ್ ಎಂದರು. ಗ್ಲಾಸ್ ಹಾಕಿಸಿಕೊಂಡ ಕಾರಣ ನನಗೆ ಗೊತ್ತಾದದ್ದು ಹೀಗೆ, ಹಾಕಿದ ನಾಲ್ಕು ದಿನದ ಮೇಲೆ.

12ನೇ ತಾರೀಖು, ಅಂದರೆ ನಿನ್ನೆ ಗುರುವಾರ, ಸಂಜೆ 5.40ಕ್ಕೆ ಸುಮಾರು ನಲವತ್ತು ವಯಸ್ಸಿನವರೊಬ್ಬರು ಅಂಗಡಿಗೆ ಬಂದರು. ಫರ್ನಿಚರ್ ಸಾಗಿಸುವ ವ್ಯಾನನ್ನು ಇಪ್ಪತ್ತು ಅಡಿ ದೂರದಲ್ಲಿ ನಿಲ್ಲಿಸಿದ್ದರು, ಇಂಜಿನ್ ಆರಿಸಿರಲಿಲ್ಲ. ಕೈಯಲ್ಲಿ ಆಕೆಯ ಫೋನ್ ಇತ್ತು. ನಾನು ಹಾಕಿದ ಗ್ಲಾಸ್ ನನಗೆ ಗುರುತು ಸಿಗುತ್ತದೆ. ಇನ್ನೊಂದು ಕೈಯಲ್ಲಿ ಗ್ಲಾಸಿನ ಖಾಲಿ ಕವರ್, ಅದರ ಮೇಲೆ ನನ್ನ ಅಂಗಡಿಯ ಸೀಲು. ಬೆಳಿಗ್ಗೆ ಹೆಂಡತಿ ಮುಖ ತೊಳೆಯಲು ಹೋದಾಗ ಫೋನ್ ಎತ್ತಿಕೊಂಡೆ ಎಂದು ಅವರೇ ಹೇಳಿದರು. ಈ ಕಪ್ಪು ಗಾಜು ಕಿತ್ತು ಫೋನ್ ತೆರೆದುಕೊಡು ಎಂದರು.

ಗಾಜು ಕಿತ್ತರೂ ಫೋನ್ ತೆರೆಯುವುದಿಲ್ಲ, ಅದಕ್ಕೆ ಅವರ ಬೆರಳು ಬೇಕು, ಅವರನ್ನೇ ಕರೆದುಕೊಂಡು ಬನ್ನಿ, ಅವರು ಕೀಳು ಎಂದರೆ ಈ ಕ್ಷಣ ಕೀಳುತ್ತೇನೆ ಎಂದೆ. ಇದು ತಾನು ಕೊಡಿಸಿದ ಫೋನ್ ಎಂದರು. ಕೊಡಿಸಿದ ಮೇಲೆ ಅದು ಅವರದು ಎಂದೆ.

"ಗಂಡನಿಂದ ಮುಚ್ಚಿಡೋ ಅಂಥದ್ದು ಏನಮ್ಮಾ ಇರುತ್ತೆ ಹೆಂಡತಿಗೆ?"

"ಅದನ್ನ ಅವರನ್ನೇ ಕೇಳಿ. ಗಾಜಿನ ಹತ್ತಿರ ಕೇಳಿದ್ರೆ ಅದೇನು ಹೇಳುತ್ತೆ."

ನಿಮ್ಮಂಥವರಿಂದಲೇ ಮನೆ ಹಾಳಾಗುವುದು ಎಂದರು. ಫೋನನ್ನು ಕೌಂಟರಿನ ಮೇಲಿಟ್ಟು, ಗಿರಾಕಿಗಳು ಕೂರುವ ಕಬ್ಬಿಣದ ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿದರು. ಕೌಂಟರಿನ ಗಾಜಿನ ಮೇಲೆ ಎರಡು ಸಲ, ಗೋಡೆಯ ಸ್ಟ್ಯಾಂಡಿನ ಮೇಲೆ ಒಂದು ಸಲ ಬೀಸಿದರು. ಎರಡನೇ ಹೊಡೆತದ ಹೊತ್ತಿಗೆ ನಾನು ಫೋನನ್ನು ಪಕ್ಕಕ್ಕೆ ಎಳೆದುಕೊಂಡೆ. ಆಗ ನನ್ನ ಎಡಗೈ ಹೆಬ್ಬೆರಳು ಕೊಯ್ದಿತು. ನಾಲ್ಕನೇ ಸಲ ಎತ್ತುವಾಗ ಪಕ್ಕದಲ್ಲಿ ಬೀಗದ ಕೀಲಿ ಮಾಡುವ ತಾತ, ಅರವತ್ತೆಂಟು ವರ್ಷದವರು, ಹಿಂದಿನಿಂದ ಬಂದು ಸೊಂಟ ಹಿಡಿದು ನಿಲ್ಲಿಸಿದರು. ಅವರು ಈ ಘಟನೆಯ ಸಾಕ್ಷಿ. ಅವರ ಹೇಳಿಕೆಯನ್ನೂ ತೆಗೆದುಕೊಳ್ಳಬೇಕು ಎಂದು ಎರಡು ಸಲ ಕೇಳಿದ್ದೇನೆ, ಇದು ಮೂರನೆಯ ಸಲ.

ನಾನು ಫೋನನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅವರು ಫೋನ್ ಕೊಡು ಎಂದು ಮೂರು ಸಲ ಕೇಳಿದರು. ಯಾರ ಬೆರಳಿಗೆ ತೆರೆಯುತ್ತದೋ ಅವರ ಕೈಗೇ ಕೊಡುತ್ತೇನೆ ಎಂದು ಮೂರು ಸಲವೂ ಹೇಳಿದೆ. ಪೊಲೀಸರಿಗೆ ಹೇಳಿ ಒಳಗೆ ಹಾಕಿಸುತ್ತೇನೆ ಎಂದರು. ಠಾಣೆ ಇಲ್ಲಿಂದ ಒಂದೂವರೆ ಕಿಲೋಮೀಟರ್, ಹೋಗಿ ಬನ್ನಿ ಎಂದೆ. 6.05ಕ್ಕೆ ಹೊರಟರು.

ದಿನಾ ಆಕೆಯ ಬಸ್ಸು 6.35ಕ್ಕೆ ಬರುತ್ತದೆ. ಕೀಲಿ ತಾತ ಬಸ್ಸಿನ ಬಾಗಿಲಲ್ಲೇ ನಿಂತಿದ್ದು ಕರೆತಂದರು. ನೆಲದ ತುಂಬ ಗಾಜು. ಆಕೆ ಅಳಲಿಲ್ಲ. ಮೊದಲು ನನ್ನ ಹೆಬ್ಬೆರಳು ನೋಡಿದರು. ಚೀಲದಿಂದ ಬಿಳಿ ಬಟ್ಟೆಯ ತುಂಡು ತೆಗೆದು ಬಿಗಿಯಾಗಿ ಸುತ್ತಿದರು, ಅದರ ತುದಿಗೆ ಎರಡು ಹೊಲಿಗೆಯನ್ನೂ ಹಾಕಿಬಿಟ್ಟರು. ಆಮೇಲೆ ನಾನು ಡ್ರಾಯರ್ ತೆರೆದೆ. ಫೋನ್ ಮೊದಲನೇ ಸಲ ಬೆರಳು ಹಿಡಿಯಲಿಲ್ಲ. ಎರಡನೇ ಸಲಕ್ಕೆ ತೆರೆಯಿತು. ಕೀಲಿ ತಾತ ನೋಡಿದ್ದಾರೆ. ಫೋನ್ ಯಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ತಿರ ಇಲ್ಲ, ಬೇಕಾಗಿಯೂ ಇಲ್ಲ. ಫೋನ್ ತಲುಪಿದೆ ಎಂದು ನನ್ನ ಪುಸ್ತಕದಲ್ಲಿ ಬರೆದು ಸಹಿ ಮಾಡಿದರು. ಆ ಪುಟ ಇಲ್ಲಿ ಹಾಜರುಪಡಿಸಿದ್ದೇನೆ.

ಹೊರಡುವಾಗ ಆಕೆ, ಅಕ್ಕಾ, ಈ ಗ್ಲಾಸ್ ತೆಗೆಸಿಬಿಡಲಾ ಎಂದು ಕೇಳಿದರು. ನಾನು ಹೇಳಿದ್ದು: "ನಿನಗೆ ಬೇಡವಾದ್ರೆ ಈಗಲೇ ತೆಗೀತೀನಿ. ಇನ್ನೊಬ್ಬರಿಗೆ ಬೇಡ ಅಂತ ತೆಗೆಸಬೇಡ." ತೆಗೆಸಲಿಲ್ಲ. ಪರೀಕ್ಷೆ ಮುಗಿಯುವ ತನಕ ಕಾರ್ಖಾನೆಯ ಗೆಳತಿಯ ಮನೆಯಲ್ಲಿ ಇರುತ್ತೇನೆ ಎಂದು ಹೇಳಿ 6.55ರ ಬಸ್ಸು ಹತ್ತಿದರು.

7.10ಕ್ಕೆ ಒಬ್ಬ ಪೇದೆ ಬಂದು ಠಾಣೆಗೆ ಕರೆತಂದರು. ಫೋನ್ ತಂದುಕೊಡು, ಇಲ್ಲದಿದ್ದರೆ ಕಳವಿನ ಕೇಸು ಎಂದು ಸಾಹೇಬರು ಹೇಳಿದರು. ಫೋನ್ ಯಾರದೋ ಅವರಿಗೆ ಸೇರಿದೆ ಎಂದೆ. ಆಕೆ ಎಲ್ಲಿದ್ದಾರೆ ಎಂದು ಕೇಳಿದರು. ಗೊತ್ತಿದೆ, ಹೇಳುವುದಿಲ್ಲ ಎಂದೆ. ಸಾಹೇಬರು ನಾನು ಸುಳ್ಳು ಹೇಳುತ್ತೇನೆ ಎಂದುಕೊಂಡಿದ್ದರು, ನಿಜ ಹೇಳಿ ಸುಮ್ಮನಾಗುತ್ತೇನೆ ಎಂದುಕೊಂಡಿರಲಿಲ್ಲ. ನನ್ನ ಹೆಬ್ಬೆರಳಿನ ಬಟ್ಟೆ ನೋಡಿ, ಕೈಗೆ ಮೊದಲು ಔಷಧಿ ಹಾಕಿಸಿಕೊಂಡು ಬೆಳಿಗ್ಗೆ ಬಾ ಎಂದರು. ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿದರು. ಚೀಟಿ ಲಗತ್ತಿಸಿದೆ. ಅಂಗಡಿಯ ಸ್ಟ್ಯಾಂಡಿನಲ್ಲಿದ್ದ ಗ್ಲಾಸುಗಳಲ್ಲಿ ಮುಕ್ಕಾಲು ಪಾಲು ಪುಡಿಯಾಗಿವೆ. ಪಟ್ಟಿ ಬೇರೆ ಹಾಳೆಯಲ್ಲಿದೆ.

ಈ ದಿನ 13ನೇ ತಾರೀಖು. ಹೇಳಿಕೆ ಇಲ್ಲಿಗೆ ಬರುವಾಗ ಗಂಟೆ 11.30. ಆಕೆಯ ಯಜಮಾನರು ಬೆಳಿಗ್ಗೆಯಿಂದ ಎದುರಿನ ಬೆಂಚಿನ ಮೇಲೆ ಕೂತಿದ್ದಾರೆ. ಮಧ್ಯೆ ಎದ್ದು ಬಂದು, ತಾನೂ ಒಂದು ಮಾತು ಹೇಳಬೇಕು ಎಂದರು. ನನ್ನ ಹೇಳಿಕೆಯಲ್ಲಿ ಅವರ ಮಾತು ಬರಕೂಡದು ಎಂದು ಬರಹಗಾರರು ಹೇಳಿದರು. ಬರಲಿ, ನನ್ನ ತಕರಾರು ಇಲ್ಲ ಎಂದೆ.

ಅವರು ಹೇಳಿದ್ದು: ಆ ಗಾಜು ಬಂದ ದಿನದಿಂದ ಪಕ್ಕದಲ್ಲಿ ಕೂತರೆ ಹೆಂಡತಿಯ ಮುಖದ ಮೇಲೆ ಬೆಳಕು ಕಾಣುತ್ತಿತ್ತು, ಕೈಯಲ್ಲಿ ಮಾತ್ರ ಕತ್ತಲೆ. ಆಕೆ ಕತ್ತಲೆ ನೋಡಿ ಒಮ್ಮೊಮ್ಮೆ ನಗುತ್ತಿದ್ದರು. ಜೊತೆಯ ಡ್ರೈವರ್ ಒಬ್ಬರು, ಮುಚ್ಚಿಡುವುದು ಇದ್ದವರೇ ಅಂಥ ಗ್ಲಾಸ್ ಹಾಕಿಸುವುದು, ಹುಷಾರಾಗಿರು ಎಂದಿದ್ದರು. ಒಂಬತ್ತು ದಿನ ಊಟ ಸೇರಲಿಲ್ಲ. ಇನ್ನೊಬ್ಬ ಇದ್ದಾನೆ ಎಂದೇ ತಾನು ನಂಬಿಬಿಟ್ಟಿದ್ದೆ ಎಂದರು. ಇದನ್ನು ಹೇಳುವಾಗ ಅವರು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. ಅದನ್ನೂ ಬರೆಯಿರಿ ಎಂದು ನಾನೇ ಹೇಳಿದೆ.

ಈ ವಿಷಯದಲ್ಲಿ ನಾನು ಒಪ್ಪಿಕೊಳ್ಳುವುದು ಒಂದಿದೆ. ಈ ಗ್ಲಾಸಿನ ತೊಂದರೆಗಳನ್ನೆಲ್ಲ ಆಕೆಗೆ ಹೇಳಿದೆ, ಇದೊಂದನ್ನು ಹೇಳಲಿಲ್ಲ. ಕಪ್ಪಾಗಿ ಕಂಡ ಜಾಗದಲ್ಲಿ ಪಕ್ಕದವರು ತಮ್ಮ ತಲೆಯಲ್ಲಿರುವ ಚಿತ್ರ ಬರೆದುಕೊಳ್ಳುತ್ತಾರೆ. ಬ್ಯಾಟರಿ ಇಳಿದರೆ ಚಾರ್ಜರ್ ಇದೆ, ಇದಕ್ಕೆ ನನ್ನ ಅಂಗಡಿಯಲ್ಲಿ ಏನೂ ಇಲ್ಲ. ಹದಿನಾಲ್ಕು ವರ್ಷ ಈ ಕೆಲಸ ಮಾಡಿಯೂ ಅದು ನನಗೆ ಹೊಳೆದಿರಲಿಲ್ಲ. ಇದು ನನ್ನ ಕೊರತೆ. ಇದು ಅಪರಾಧವೆಂದು ಒಪ್ಪುವುದಿಲ್ಲ. ಸ್ಟೂಲನ್ನು ಎತ್ತಿದ್ದು ಗಾಜಲ್ಲ.

12.20ಕ್ಕೆ ಆಕೆ, ಕೀಲಿ ತಾತನಿಂದ ವಿಷಯ ತಿಳಿದು, ತಾವಾಗಿಯೇ ಠಾಣೆಗೆ ಬಂದರು. ಯಾರೂ ಕರೆಸಿರಲಿಲ್ಲ. ಎರಡೂ ಕೈಗೆ ಮೊಣಕೈ ತನಕ ಗ್ರೀಸ್ ಮೆತ್ತಿಕೊಂಡಿತ್ತು. ಪರೀಕ್ಷೆಯಲ್ಲಿ ನಿಂತುಹೋದ ಒಂದು ಲಿಫ್ಟನ್ನು ತೋರಿಸಿ ದೋಷ ಹುಡುಕಲು ಹೇಳಿದರು, ಹನ್ನೆರಡು ಜನರಲ್ಲಿ ಮೂವರಿಗೆ ಸಿಕ್ಕಿತು, ಅದರಲ್ಲಿ ತಾನೊಬ್ಬಳು, ಒಂದನೇ ತಾರೀಖಿನಿಂದ ತರಬೇತಿಗೆ ಬರಲು ಹೇಳಿದ್ದಾರೆ ಎಂದರು. ಇಷ್ಟನ್ನೂ ನನಗೆ ಹೇಳಲಿಲ್ಲ, ಸಾಹೇಬರಿಗೂ ಹೇಳಲಿಲ್ಲ, ನೇರ ಬೆಂಚಿನ ಕಡೆ ನೋಡಿ ಹೇಳಿದರು. ಫೋನ್ ತೆರೆದು ಅವರ ಕೈಗೇ ಕೊಟ್ಟು, ನೋಡಿಕೊಳ್ಳಿ ಎಂದರು. ಅವರು ಫೋನನ್ನು ಮುಖದ ನೇರಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಬ್ರೇಕು, ಹಗ್ಗ, ರಾಟೆ, ಸ್ವಿಚ್ಚು, ಅಷ್ಟೇ ಇತ್ತು.

"ಒಂದು ಮಾತು ನನಗೆ ಹೇಳಬಾರದಾಗಿತ್ತಾ?"

"ಹೇಳಿದ್ದೆ. ಎರಡು ಸಲ ಹೇಳಿದ್ದೆ. ಎರಡು ಸಲವೂ ನಕ್ಕಿರಿ."

ಅವರು ಫೋನನ್ನು ಆಕೆಗೆ ಹಿಂತಿರುಗಿಸಿ, ಎದ್ದು ಬಂದು ಕಳವಿನ ದೂರನ್ನು ವಾಪಸು ಪಡೆಯುವುದಾಗಿ ಬರೆದುಕೊಟ್ಟರು. ಹೆಂಡತಿಯನ್ನು ಮನೆಗೆ ಬಾ ಎಂದು ಕರೆದರು. ಈ ವಾರ ಗೆಳತಿಯ ಮನೆಯಲ್ಲೇ ಇರುತ್ತೇನೆ, ಆಮೇಲೆ ಮಾತಾಡೋಣ ಎಂದು ಆಕೆ ಹೇಳಿದರು. ಅದು ಅವರಿಬ್ಬರ ವಿಷಯ, ನನ್ನ ಹೇಳಿಕೆಗೆ ಸೇರಿದ್ದಲ್ಲ. ನಾನು ಕಂಡದ್ದರಿಂದ ಬರೆಸಿದ್ದೇನೆ.

ಇಷ್ಟಾದ ಮೇಲೆ ಸಾಹೇಬರು ನನ್ನನ್ನು ಕರೆದು, ಅವರು ದೂರು ವಾಪಸು ಪಡೆದರಲ್ಲ, ನೀವೂ ಪಡೆದುಬಿಡಿ, ರಾಜಿ ಎಂದು ಬರೆದು ಮುಗಿಸೋಣ ಎಂದರು. ಅವರು ವಾಪಸು ಪಡೆದದ್ದು ಸುಳ್ಳು ದೂರು, ನನ್ನದು ನಿಜವಾದ ದೂರು, ಎರಡಕ್ಕೂ ಒಂದೇ ತೂಕವಿಲ್ಲ ಎಂದೆ. ಅವರ ಕಣ್ಣೀರು ನಾನು ನೋಡಿದ್ದೇನೆ, ನನಗೂ ಬೇಜಾರಾಗಿದೆ. ಆದರೆ ನನ್ನ ಕೈಯ ಹೊಲಿಗೆಗೆ ಆ ಬೇಜಾರು ಗೊತ್ತಾಗುವುದಿಲ್ಲ. ನನ್ನ ದೂರು ಹಾಗೇ ಇರಲಿ, ಕಾನೂನು ಏನು ಹೇಳುತ್ತದೋ ಅದು ಆಗಲಿ.

ಹಾಗಾದರೆ ಒಂದು ಮುಚ್ಚಳಿಕೆ ಬರೆದುಕೊಡಿ ಎಂದರು. ಇನ್ನು ಮುಂದೆ ಮದುವೆಯಾದ ಹೆಂಗಸರಿಗೆ ಮನೆಯವರ ಒಪ್ಪಿಗೆ ಇಲ್ಲದೆ ಇಂಥ ಗ್ಲಾಸ್ ಹಾಕುವುದಿಲ್ಲ ಎಂದು ಅದರಲ್ಲಿ ಟೈಪು ಮಾಡಿಸಿಟ್ಟಿದ್ದರು. ಗಂಡಸರಿಗೆ ಹಾಕುವಾಗ ಯಾರ ಒಪ್ಪಿಗೆ ಕೇಳಬೇಕು ಎಂದು ಕೇಳಿದೆ. ನನ್ನ ಅಂಗಡಿಯಲ್ಲಿ ಈ ಗ್ಲಾಸ್ ಹಾಕಿಸುವ ಹತ್ತು ಜನರಲ್ಲಿ ಏಳು ಜನ ಗಂಡಸರು, ಅವರ ಹೆಂಡತಿಯರು ಯಾರೂ ಸ್ಟೂಲು ಹಿಡಿದು ಬಂದಿಲ್ಲ ಎಂದೆ. ಬರಹಗಾರರು ನಗು ತಡೆಯಲು ಕೆಮ್ಮಿದರು. ಸಾಹೇಬರು ಆ ಹಾಳೆಯನ್ನು ತಮ್ಮ ಮೇಜಿನ ಒಳಗೆ ಇಟ್ಟುಕೊಂಡರು. ನಾನು ಅದಕ್ಕೆ ಸಹಿ ಮಾಡಿಲ್ಲ, ಮಾಡುವುದೂ ಇಲ್ಲ. ನಾನು ಹಾಗೆ ಒಪ್ಪಿದ್ದೇನೆ ಎಂದು ನಾಳೆ ಯಾವ ಕಾಗದದಲ್ಲಾದರೂ ಕಂಡರೆ ಅದು ನನ್ನದಲ್ಲ.

ಯಾರಾದರೂ ಈ ಗ್ಲಾಸ್ ಕೇಳಿಕೊಂಡು ಬಂದರೆ ಅದರ ಅನುಕೂಲ ಹೇಳುತ್ತೇನೆ, ತೊಂದರೆಗಳನ್ನೂ ಹೇಳುತ್ತೇನೆ, ಇವತ್ತು ಕಲಿತದ್ದನ್ನೂ ಸೇರಿಸಿ ಹೇಳುತ್ತೇನೆ. ಆಮೇಲೂ ಬೇಕು ಎಂದರೆ ಹಾಕುತ್ತೇನೆ.

ಇಷ್ಟು ನನ್ನ ಮಾತು. ಬರಹಗಾರರು ಇದನ್ನು ನನಗೆ ಓದಿ ಹೇಳಿದರು, ನಾನೂ ಕನ್ನಡಕ ಹಾಕಿಕೊಂಡು ಒಮ್ಮೆ ಓದಿದೆ. ಒಂದು ಕಡೆ "ಜಗಳವಾಯಿತು" ಎಂದಿತ್ತು, ಜಗಳಕ್ಕೆ ಇಬ್ಬರು ಬೇಕು ಎಂದು ಹೇಳಿ "ಅಂಗಡಿ ಒಡೆದರು" ಎಂದು ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದ ಹಾಗೇ ಇದೆ, ನಡೆದ ಹಾಗೇ ಇದೆ. ಯಾರ ಒತ್ತಾಯಕ್ಕೂ ಹೇಳಿಲ್ಲ. ಯಾರ ಒತ್ತಾಯಕ್ಕೂ ಬಿಟ್ಟಿಲ್ಲ.

ಸ್ಥಳ: ಠಾಣೆ, ಬರಹಗಾರರ ಮೇಜು
ದಿನಾಂಕ: 13, ಶುಕ್ರವಾರ, ಮಧ್ಯಾಹ್ನ 1.35

ಸಹಿ (ಬಲಗೈಯಿಂದ ಮಾಡಿದ್ದು. ಎಡಗೈ ಹೆಬ್ಬೆರಳಿಗೆ ಪಟ್ಟಿ ಇರುವುದರಿಂದ ಹೆಬ್ಬೆಟ್ಟಿನ ಗುರುತು ತೆಗೆದುಕೊಂಡಿಲ್ಲ.)